ಐದನೆಯ ತೂತು

ಹುಮನಾಬಾದಿನ ನಮ್ಮ ಮನೆಯಲ್ಲಿ ಊಟ ಮುಗಿದು ಎಲ್ಲ ಸುಮ್ಮನಾದಾಗ ವರಾಂಡದಿಂದ ಈಗಲೂ ಆ ಸದ್ದು ಬರುತ್ತದೆ. ಮರದೊಳಗೆ ಕೈಬೈರಿಗೆ ತಿರುಗುವ ಕಿರ್ರ್, ಕಿರ್ರ್. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದೆ. ಈಗ ಮಲಗಿದಲ್ಲೇ ಕೇಳುತ್ತೇನೆ. ಘೋಸ್ಟ್ ಗೀಸ್ಟ್ ಎಲ್ಲ ನಾನ್‌ಸೆನ್ಸ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಇಂಥ ಸದ್ದಿನ ಬಗ್ಗೆ ಏನೂ ಹೇಳಿರಲಿಲ್ಲ.

ನನ್ನವರು ಕೊನೆಗೆ ಮಾಡುತ್ತಿದ್ದುದು ಬಟ್ಟೆ ತೂಗುಹಾಕುವ ಹಲಗೆ. ಐದು ಗೂಟಕ್ಕೆ ಐದು ತೂತು. ಐದನೆಯದು ಅರ್ಧಕ್ಕೆ ಬಂದಾಗ ಬೈರಿಗೆಯ ಬಿಟ್, ಆ ಕೊರೆಯುವ ಮೊನೆ, ಮುರಿಯಿತು. “ಕಲ್ಯಾಣದಾಗ ಸಿಗತದ, ತರ್ತೀನಿ,” ಎಂದರು. ಹೋಗಲಿಕ್ಕೆ ಆಗಲಿಲ್ಲ. ಆ ವಾರವೇ ತೀರಿಕೊಂಡರು.

ನನ್ನ ಜೊತೆಗಿರುವ ನಾದಿನಿಗೂ ಸದ್ದು ಕೇಳುತ್ತದಂತೆ.

“ಅರ್ಧಾ ಬಿಟ್ಟ ಕೆಲಸ ಮನಶ್ಯಾನ್ನ ಹೋಗಗೊಡಂಗಿಲ್ಲ, ವೈನಿ. ಅದೊಂದು ತೂತು ಮುಗಿಸಿಬಿಡ್ರಿ, ಅಣ್ಣಗ ಶಾಂತಿ ಸಿಗತದ. ಅವನ ಕೈ ಗಿರ್ಮಿಟ್‌ಲೇ ಮಾಡ್ರಿ ಮತ್ತ, ಕರೆಂಟಿನ ಮಷಿನ್ ಬ್ಯಾಡ.”

ಬೈರಿಗೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಊರಿನ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ದುಂಡು ಬುಡದ ಬಿಟ್‌ಗಳು. ಈ ಬೈರಿಗೆಯ ಬಾಯಿಗೆ ಚೌಕ ಬುಡವೇ ಬೇಕು. ದುಂಡನೆಯದು ಸಿಕ್ಕಿಸಿದರೆ ಹಿಡಿಕೆ ತಿರುಗುತ್ತದೆ, ಬಿಟ್ ನಿಂತಲ್ಲೇ ನಿಲ್ಲುತ್ತದೆ. ಪ್ರತಿ ಅಂಗಡಿಯಿಂದಲೂ ಬರಿಗೈಲಿ ಇಳಿಯುವಾಗ ನನಗೆ ಒಂದು ಬಗೆಯ ರಿಲೀಫ್.

ಕೊನೆಗೆ ಪಕ್ಕದ ಊರಾದ ಕಲ್ಯಾಣಕ್ಕೆ ಹೋದೆ. ಅಲ್ಲಿನ ಹಳೇ ಸಾಮಾನಿನ ಅಂಗಡಿಯ ಚಾಚಾ ಬೈರಿಗೆಯನ್ನು ತಿರುಗಿಸಿ ನೋಡಿ ನಕ್ಕ.

“ನಮ್ಮ ದಾದಾನ ಜಮಾನಾದ ಚೀಜ್ ಅದರಿ ಇದು. ಯಾರ್ ತಿರಗಸಾವ್ರು?”

“ನಾನೇ.”

“ಕೈಯಾಗ ತಾಕತ್ ಅದ ಏನ್ರಿ ಅಮ್ಮಾ?” ಎನ್ನುತ್ತಲೇ ತುಕ್ಕು ಹಿಡಿದ ತುಂಡುಗಳ ಡಬ್ಬಿ ಬೋರಲು ಹಾಕಿ ಕೆದಕಿದ. ಚೌಕ ಬುಡದ್ದೊಂದು ಬಿಟ್ ಹೊರಬಂತು. ಬೈರಿಗೆಯ ಬಾಯಿ ಅದನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಪರ್ಫೆಕ್ಟ್.

“ಸಿಕ್ಕಿತಲ್ರಿ! ಮತ್ತ ಮಾರಿ ಯಾಕ ಸಣ್ಣ ಮಾಡೀರಿ?”

ದುಡ್ಡು ಕೊಟ್ಟು ಬೈರಿಗೆಯನ್ನು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಹಲಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಕೂತೆ. ಅವರು ನಿಲ್ಲಿಸಿದ ಅರ್ಧ ತೂತಿಗೆ ಬಿಟ್ ಇಳಿಯಿತು, ಅಳತೆ ಸರಿಯಿತ್ತು. ಒಂದು ಸುತ್ತು ತಿರುಗಿಸಿದೆ. ಕಿರ್ರ್. ಮರದ ತೆಳು ಚಕ್ಕೆ ಸುರುಳಿ ಸುತ್ತಿಕೊಂಡು ಮೇಲೆದ್ದಿತು. ಹಾಗೇ ಸುತ್ತಿನ ಮೇಲೆ ಸುತ್ತು. ಹಲಗೆಯ ಹಿಂಬದಿಗೆ ಬೆರಳಿಟ್ಟೆ, ತೆಳ್ಳಗೆ ಉಬ್ಬಿತ್ತು. ಇನ್ನು ಸ್ವಲ್ಪ ಒತ್ತಿದರೆ ಆಚೆಯ ಬೆಳಕು ಕಾಣುತ್ತಿತ್ತು.

“ಆಯ್ತೇನ್ರಿ ವೈನಿ?” ಅಡುಗೆಮನೆಯಿಂದ ನಾದಿನಿ ಕೂಗಿದಳು.

ಬಿಟ್ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡೆ.

“ಇಲ್ಲವ್ವ,” ಎಂದೆ, “ಇದೂ ಫಿಟ್ ಆಗವಲ್ದು.”