ಒಂದೇ ಬಣ್ಣದ ಎರಡು ಡಬ್ಬಿ

“ಎಷ್ಟು ಜೀವ ಉಳಿದಿವೆಯೋ ಏನೋ?”

ಯಾರನ್ನೂ ಕೇಳಿದ್ದಲ್ಲ. ಬೆಳಗಿನ ಆರು ಗಂಟೆ. ಬಿತ್ತನೆ ಬೀಜ ಕಾಪಿಡುವ ಉಗ್ರಾಣದಲ್ಲಿ ಕಾಳಕ್ಕ ಒದ್ದೆ ಬಟ್ಟೆಯ ಮಡಿಕೆ ಬಿಡಿಸುತ್ತಿದ್ದಾರೆ. ಒಳಗೆ ನೂರು ರಾಗಿ ಕಾಳು. ಸೂಜಿಮೊನೆಯಿಂದ ಒಂದೊಂದನ್ನೇ ಸರಿಸಿ ಎಣಿಸುತ್ತಾರೆ. ಮೊಳಕೆಯೊಡೆದವು ಅರವತ್ತೆರಡು. ಹೋದ ವರ್ಷ ಎಂಬತ್ತೊಂದಿತ್ತು.

ಕಾಳಕ್ಕ ಎಂಬುದು ಜೊತೆಯವರಿಟ್ಟ ಹೆಸರು. ಇಪ್ಪತ್ತಮೂರು ವರ್ಷದಿಂದ ಮುನ್ನೂರ ನಲವತ್ತು ಡಬ್ಬಿ ರಾಗಿಗೆ ಅವರೇ ಕಾವಲು. ಕರಿಕಡ್ಡಿ, ಹಾಲುಬಿಳುಪು, ಬೆರಳುಗಿಡ್ಡಿ, ಅತ್ತೆಮುನಿಸು... ಪ್ರಾರ್ಥನೆ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳುತ್ತಾರೆ.

“ಮಕ್ಕಳ ಹೆಸರು ತಪ್ಪಿ ಕರೀತಾಳೆ, ರಾಗಿ ಹೆಸರು ತಪ್ಪಲ್ಲ ಅಂತ ನಮ್ಮೆಜಮಾನ್ರು ಆಡ್ಕೋತಾರೆ. ಅತ್ತೆಮುನಿಸಿನ ತೆನೆ ಮುಷ್ಟಿ ಬಿಗಿದ ಹಾಗಿರತ್ತೆ, ಬಿಚ್ಚೋದೇ ಇಲ್ಲ. ನಮ್ಮತ್ತೆ ಮುಂದೆ ಮಾತ್ರ ಈ ಹೆಸರು ಎತ್ತಿಲ್ಲಪ್ಪ!”

ನಗು ಅಲ್ಲಿಗೇ ನಿಲ್ಲುತ್ತದೆ. ಗೋಡೆಯಾಚೆ ಸದ್ದಿಲ್ಲ. ಎರಡು ತಂಪುಕೋಣೆಗಳಲ್ಲಿ ಒಂದರ ಯಂತ್ರ ಕೆಟ್ಟು ಮೂರು ದಿನವಾಯಿತು. ಸೆಖೆ ತಗಲಿದ ಕಾಳು ಒಳಗೊಳಗೇ ಸಾಯುತ್ತದೆ. ಮೇಲೆ ಅದೇ ಕೆಂಪು, ಅದೇ ನುಣುಪು. ಆ ಕೋಣೆಯ ಡಬ್ಬಿಗಳೆಲ್ಲ ಸಂಜೆಯೊಳಗೆ ಇನ್ನೊಂದು ಕೋಣೆ ಸೇರಬೇಕು. ಅಲ್ಲಿ ಜಾಗ ಸಾಲದು.

ಒಂದೇ ರಾಗಿಗೆ ಊರಿಗೊಂದು ಹೆಸರಿರುವುದುಂಟು. ಹಾಗಾಗಿ, ಹೆಸರು ಬೇರೆಯಾದರೂ ತಳಿ ಒಂದೇ ಎಂದು ದಾಖಲಾದ ಡಬ್ಬಿಗಳನ್ನು ಕೂಡಿಸಿಬಿಡಿ ಎಂದಿದ್ದಾರೆ ಮೇಲ್ವಿಚಾರಕರು. ಕಾಳಕ್ಕನಿಗೆ ಅಳುಕಿರುವುದು ಈ ಮಾತಿಗೆ. ಒಂಬತ್ತು ವರ್ಷದ ಹಿಂದೆ ಅವರೇ ಹಾಗೆ ಎರಡು ಡಬ್ಬಿ ಬೆರೆಸಿದ್ದರು.

“ನೋಡೋಕೆ ಒಂದೇ ಥರ ಇತ್ತು. ಅಷ್ಟನ್ನೂ ಬಿತ್ತಿದ್ವಿ. ಬೇಗ ಹಣ್ಣಾಗಿದ್ದನ್ನ ನೋಡಿ ಹೊಲ ಪೂರ್ತಿ ಕೊಯ್ದುಬಿಟ್ರು. ಇನ್ನೊಂದು ತಳಿ ಆಗಿನ್ನೂ ಕಾಳೇ ಕಟ್ಟಿರಲಿಲ್ಲ. ಈಗ ಅದರ ಹೆಸರು ಮಾತ್ರ ಪುಸ್ತಕದಲ್ಲಿದೆ. ನನ್ನ ಕೈಯಾರೆ ಹೋಯ್ತು.”

ಬಾಗಿಲಲ್ಲಿ ಮೇಲ್ವಿಚಾರಕರು. “ಏನ್ ಕಾಳಕ್ಕ, ಇನ್ನೂ ಎಣಿಸ್ತಾನೇ ಇದ್ದೀರಾ? ಅತ್ತೆಮುನಿಸು, ಮುಚ್ಚುಗೈ ಎರಡೂ ಒಂದೇ ಅಂತ ಬರೆದಿದೆಯಲ್ಲಮ್ಮ. ಸುರೀರಿ.”

“ಬರೆದೋರು ತೆನೆ ನೋಡಿದ್ರಾ ಸಾರ್? ಒಂದು ಬೆಳೆ ಕಾಲ ಕೊಡಿ. ಅಕ್ಕಪಕ್ಕ ಬಿತ್ತಿ ನೋಡ್ತೀನಿ.”

“ಅಲ್ಲೀತನಕ ಇವನ್ನ ನನ್ನ ತಲೆ ಮೇಲೆ ಇಟ್ಕೊಳ್ಳಾ? ಆ ಮುಚ್ಚಳ ತೆಗೀರಿ.”

ಕಾಳಕ್ಕ ಎರಡೂ ಡಬ್ಬಿಗಳನ್ನು ಸೆರಗಿನೊಳಗೆ ಅವುಚಿಕೊಳ್ಳುತ್ತಾರೆ.

“ಇಲ್ಲ ಸಾರ್. ತೆಗೆಯಲ್ಲ.”