ಪಾಠದ ಡಾಕ್ಟರು

ಕಂಪ್ಯೂಟರ್ ಪಾಠಗಳನ್ನು ತಯಾರಿಸುವ ಆ ಆಫೀಸಿನಲ್ಲಿ ಯಾರಾದರೂ ಒಂದಕ್ಷರ ತಿದ್ದಿ ಫೈಲು ಕೆಟ್ಟು ಕೂತರೆ ಪಾಠದ ಡಾಕ್ಟರಿಗೆ ಕರೆ ಹೋಗುತ್ತದೆ. ಅವರು ಬಂದು, ಕನ್ನಡಕ ಒರೆಸಿ, ರೋಗಿಯ ಮನೆಯವರನ್ನು ವಿಚಾರಿಸುವ ದನಿಯಲ್ಲಿ "ಏನು ಮುಟ್ಟಿದ್ರಿ?" ಎನ್ನುತ್ತಾರೆ. "ಅಯ್ಯೋ, ಏನೂ ಮುಟ್ಟಿಲ್ಲ ಸಾರ್, ಒಂದು ಪೂರ್ಣವಿರಾಮ ಹಾಕಿದೆ ಅಷ್ಟೆ." "ಅಷ್ಟೆ ಅನ್ನೋರೇ ಕೊಲೆ ಮಾಡೋದು" ಎಂದು ಗೊಣಗುತ್ತಾ, ಕೆಡದ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಸಾಲುಸಾಲಾಗಿ ಹುಡುಕುತ್ತಾರೆ. ಪಾಠದ ಪುಟ ತಿರುಗಿಸುವ, ಈಗ ಪರದೆಯಿಂದ ಮಾಯವಾದ 'ಮುಂದೆ' ಗುಂಡಿ ಮರಳಿ ಬರುವವರೆಗೆ ಅವರಿಗೆ ಕಾಫಿಯೂ ಬೇಡ. ಹಳೆಯ ಪ್ರತಿಯಿಲ್ಲದೆ ಯಾವುದನ್ನೂ ಮುಟ್ಟಬಾರದೆಂಬುದು ಅವರ ವ್ರತ. ಕ್ಷೌರಕ್ಕೆ ಕೂರುವ ಮೊದಲೂ ತಲೆಯ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ, ಕೆಟ್ಟರೆ ಹಿಂದಿನದಕ್ಕೆ ಮರಳಬಹುದೆಂದು. ಇಂಥವರು ಆಫೀಸಿನದೇ ಒಂದು ಪಾಠವನ್ನು, ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದನ್ನು, ಯಾರಿಗೂ ತಿದ್ದಗೊಡುವುದಿಲ್ಲ. ಎಡಗಡೆ ಮೆಟ್ಟಿಲು ಇಳಿಯಿರಿ ಎನ್ನುತ್ತದೆ ಅದು. ಅಲ್ಲಿ ಗೋಡೆ ಎದ್ದು ವರ್ಷಗಳಾದವು. ಸಾಹೇಬರು ಗದರಿದಾಗ ಡಾಕ್ಟರು ಪಾಠವನ್ನು ಬಿಟ್ಟು ಗೋಡೆಗೆ ಚೀಟಿ ಅಂಟಿಸಿದರು: "ಪಾಠದಲ್ಲಿ ಎಡ ಎಂದರೆ ಬಲ ಎಂದು ತಿಳಿಯತಕ್ಕದ್ದು." ಅಕ್ಷರ ತಿದ್ದಿದರೆ ಪಾಠದೊಳಗೆ ಅದನ್ನು ಓದುವ, ಹಿಂದೆಂದೋ ರೆಕಾರ್ಡ್ ಮಾಡಿದ ದನಿಯನ್ನೂ ಬದಲಿಸಬೇಕಲ್ಲ. ಅದರಲ್ಲಿ ಆ ಸಾಲನ್ನು ಓದಿ, ಕೊನೆಗೆ ಜೋರಾಗಿ ಸೀನಿ, "ಅಯ್ಯೋ, ಕ್ಷಮಿಸಿ" ಎಂದು ನಗುವವಳು ತೀರಿಕೊಂಡ ಅವರ ಹೆಂಡತಿ.