ಪದ್ದಕ್ಕನ ಕಾಗದ ಓದಿದವರು

ಈಚೆಗೆ ನನಗೆ ಬಿ.ಎ. ಓದುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರ ವಯಸ್ಸಿಗಲ್ಲ, ಅವರ ಮೊಣಕಾಲಿಗೂ ಅಲ್ಲ. ಅದಾದರೆ ಸಹಜ ಎಂದು ಸುಮ್ಮನಿರಬಹುದಿತ್ತು. ನನ್ನ ಉರಿ ಅವರ ಪ್ರಾಜೆಕ್ಟುಗಳ ಮೇಲೆ.

ಒಬ್ಬಳು ಮೀನು ಮಾರುವ ಹೆಂಗಸರ ಹಿಂದೆ ನಡೆದು, ಅವರು ಯಾವ ಮನೆಯೆದುರು ಬುಟ್ಟಿ ಇಳಿಸುತ್ತಾರೆ, ಯಾವ ಮನೆ ಬಂದಾಗ ಹೆಜ್ಜೆ ಚುರುಕು ಮಾಡುತ್ತಾರೆ ಎಂದು ನಕ್ಷೆ ಬರೆಯುತ್ತಾಳೆ. ಇನ್ನೊಬ್ಬ ಕೋಟದ ಬಸ್‌ಸ್ಟಾಪಿನಲ್ಲಿ ಕೂತು, ಅಪರಿಚಿತರು ಪಕ್ಕದವರೊಡನೆ ಯಾವ ವಿಷಯದಿಂದ ಮಾತು ತೆಗೆಯುತ್ತಾರೆಂದು ಬರೆದುಕೊಳ್ಳುತ್ತಾನೆ. ಮತ್ತೊಬ್ಬ ತ್ರಾಸಿಯ ಕಡಲತಡಿಯಲ್ಲಿ, ಫೋಟೋ ತೆಗೆಸಿಕೊಳ್ಳುವವರು ಸಮುದ್ರಕ್ಕೆ ಬೆನ್ನು ಹಾಕುವುದೇಕೆಂದು ವಿಚಾರಿಸುತ್ತಾನೆ. ಇದನ್ನೆಲ್ಲ ನಾನೂ ಆ ವಯಸ್ಸಿನಲ್ಲಿ ಮಾಡಿದ್ದೇನೆ. ಆಗ ಇದಕ್ಕೆ ಪೋಲಿ ತಿರುಗುವುದು ಎಂಬ ಹೆಸರಿತ್ತು, ಅಂಕ ಇರಲಿಲ್ಲ.

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕಿರುಪ್ರಬಂಧ ಬರೆದದ್ದು ಹಳ್ಳಿಗಳಿಂದ ನಗರಕ್ಕೆ ವಲಸೆ ಹೋಗುವವರ ಮೇಲೆ. ಇಡೀ ಪ್ರಬಂಧವನ್ನು ಗ್ರಂಥಾಲಯದ ಫ್ಯಾನಿನ ಕೆಳಗೆ ಮುಗಿಸಿದೆ. ನನ್ನ ಹುಟ್ಟೂರು ಕೆರಾಡಿಯಲ್ಲಿ ಆಗ ಮನೆಗೊಬ್ಬರಂತೆ ಬೊಂಬಾಯಿಯ ಹೋಟೆಲುಗಳಲ್ಲಿದ್ದರು. ರಜೆಯಲ್ಲಿ ಬಂದವರು ಮದುವೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದರು. ಅವರಿಗೆ ಎಲೆಯಡಿಕೆ ಕೊಟ್ಟೆನೇ ಹೊರತು ಒಂದು ಪ್ರಶ್ನೆ ಕೇಳಲಿಲ್ಲ.

ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ, ಅನುಮಾನ. ದೇವರು, ಸರಕಾರ, ಪತ್ರಿಕೆ ಎಂದು ಎಲ್ಲರಿಗೂ ಅದನ್ನು ಹಂಚಿ, ಉಳಿದದ್ದನ್ನು ಈಗ ನನ್ನ ನೆನಪಿನ ಮೇಲೆ ಖರ್ಚು ಮಾಡುತ್ತಿದ್ದೇನೆ. ಬಾಗಿಲಿಗೆ ಚಿಲಕ ಹಾಕಿದೆನೇ ಎಂದು ಎರಡು ಸಲ ತಿರುಗಿ ಬರುತ್ತೇನೆ. ಎರಡನೆಯ ಸಲ ಬಂದದ್ದು ಮೂರನೆಯದೇ ಎಂಬ ಸಂಶಯ. ಒಂದು ನೆನಪಿಗೆ ಮಾತ್ರ ಈ ಅನುಮಾನದಿಂದ ವಿನಾಯಿತಿ ಇತ್ತು: ಬೊಂಬಾಯಿಯಿಂದ ಬಂದ ಕಾಗದಗಳನ್ನು ಊರಿನ ಹೆಂಗಸರಿಗೆ ಓದಿ ಹೇಳುತ್ತಿದ್ದವನು ನಾನು. ನನ್ನ ಜೀವಮಾನದ ಸಮಾಜಸೇವೆ ಎಂದರೆ ಅದೊಂದೇ.

ಹಾಗಾಗಿ ಕೋಟದಲ್ಲಿ ನನ್ನ ಪಕ್ಕದ ಮನೆಯ ಅಕ್ಷತಾ, ಇತಿಹಾಸದಲ್ಲಿ ಕೊನೆಯ ವರ್ಷದ ಬಿ.ಎ., ಇದೇ ವಿಷಯದ ಮೇಲೆ ಪ್ರಾಜೆಕ್ಟು ಮಾಡುತ್ತೇನೆಂದು ಫೋನು ಹಿಡಿದು ಬಂದಾಗ ನಾನು ಅಂಗಿ ಬದಲಿಸಿ ಕೂತೆ.

"ಮಾವ, ಕೆರಾಡಿ ಬದಿಯಂಗೆ ಕಾಗ್ದ ಯಾರ್ ಓದಿ ಹೇಳ್ತಿದ್ರ್?"

"ಬೇರೆ ಯಾರ್ ಹೆಣೆ? ನಾನೇ."

ಒಂದು ಗಂಟೆ ಹೇಳಿದೆ. ಫೋನಿನ ಚಾರ್ಜು ಮುಗಿಯಿತು, ನನ್ನದು ಮುಗಿಯಲಿಲ್ಲ.

ಮೂರು ವಾರ ಕಳೆದು ಅವಳು ಕರಡು ತಂದುಕೊಟ್ಟಳು. 'ಓದಿ ಹೇಳಿದವರು' ಎಂಬ ಅಧ್ಯಾಯದಲ್ಲಿ ಆರು ಪುಟ ನನ್ನ ತಂಗಿ ಗಿರಿಜಳ ಮೇಲಿತ್ತು. ನನ್ನನ್ನು ಕಾಲೇಜಿಗೆ ಕಳಿಸಬೇಕೆಂದು ಏಳನೆಯ ಕ್ಲಾಸಿಗೇ ಶಾಲೆ ಬಿಡಿಸಿದ್ದ ಗಿರಿಜ. ನಾನು ಪುಟದ ತಳದಲ್ಲಿ, ಅಡಿಟಿಪ್ಪಣಿಯಲ್ಲಿದ್ದೆ: 'ಇವರ ಅಣ್ಣನೂ ಒಮ್ಮೆ ಓದಿದ್ದುಂಟು.'

"ಒಮ್ಮೆಯಾ?" ಎಂದೆ.

ಅವಳು ಫೋನು ಒತ್ತಿದಳು. ಕೆರಾಡಿಯ ಪದ್ದಕ್ಕನ ದನಿ. ನಮ್ಮ ಹಳೆಯ ನೆರೆಯವರು, ಈಗ ಎಂಬತ್ತು ದಾಟಿದವರು. ಅವರ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು.

"ಆ ಮಾಣಿಯಾ? ಒಂದ್ ಸಲ ಓದ್ದ, ಸಾಕಾಯ್ತ್! ಜಗಲಿ ಮೇಲ್ ನಿಂತ್ಕಂಡ್, ಭಾಷ್ಣ ಮಾಡ್ದಂಗೆ. ಇವ್ರ್ ಈ ವರ್ಷ ಬತ್ತಿಲ್ಲ ಅಂಬುದನ್ನ ನಮ್ಮತ್ತೆ, ನೆಂಟ್ರ್, ಆಳ್‌ಗಳ್, ಎಲ್ಲರ್ ಎದ್ರಿಗೆ ಓದ್ದ. ನಾನ್ ಕೊಟ್ಟಿಗೆಗ್ ಹೋಯಿ ಕೂತ್ಕಂಡೆ. ಮತ್ ಗಿರಿಜನ್ನೇ ಕರಿತಿದ್ದೆ."

ಕೇಳುತ್ತಿದ್ದಂತೆ ನನಗೂ ಕಂಡಿತು. ನೀಲಿ ಇನ್‌ಲ್ಯಾಂಡು, ಜಗಲಿ, 'ಇಲ್ಲಿ ಎಲ್ಲರೂ ಕ್ಷೇಮ' ಎಂಬಲ್ಲಿಂದ ಸಹಿಯವರೆಗೆ ಸ್ಪಷ್ಟ ಉಚ್ಚಾರಣೆಯ ನಾನು. ಓದಿದ್ದು ಒಂದೇ ದಿನ. ಅದನ್ನೇ ನನ್ನ ನೆನಪು ನೂರು ಪ್ರತಿ ತೆಗೆದು ಇಟ್ಟುಕೊಂಡಿತ್ತು.

ಒಬ್ಬ ಹುಡುಗಿಯ ಮೇಲಿದ್ದ ಹೊಟ್ಟೆಕಿಚ್ಚು ಈಗ ತಂಗಿಯ ಮೇಲೂ ಹರಡಿತು. ಬ್ರಹ್ಮಾವರದಲ್ಲಿರುವ ಗಿರಿಜಳಿಗೆ ಫೋನು ಮಾಡಿ, ಪದ್ದಕ್ಕನ ಕಾಗದ ಅಷ್ಟೆಲ್ಲ ಓದಿದ್ದು ನೀನೇ ಹೌದಾ ಎಂದು ಕೇಳಿದೆ. ಅವಳು ನಗಲು ಶುರುಮಾಡಿದಳು.

"ಓದುದ್ ಎಲ್ಲಿ ಅಣ್ಣಯ್ಯ! ಅದ್ರಂಗೆ ಇಪ್ಪುದಾರೂ ಎಂತ? ಹೋಟ್ಲಂಗೆ ಸೆಕೆ, ದನ ಕರು ಹಾಕ್ತಾ, ಅಷ್ಟೇ. ಹೆಂಡ್ತಿಗ್ ಒಂದ್ ಮಾತಿಲ್ಲ. 'ಪದ್ದು, ನಿನ್ ಕಾಲ್ನೋವ್ ಹೇಂಗಿತ್ತ್' ಅಂತೇಳಿ ನಾನೇ ಸೇರ್ಸ್ತಿದ್ದೆ. ನೀನ್ ಓದಿ ಹಾಳ್ ಮಾಡ್ದ್ ಕಾಗ್ದ ಇತ್ತಲ್ದಾ, ಅದ್ನ ಮರ್ದಿನ ಹೋಯಿ ತಿರ್ಗಿ ಓದ್ದೆ. ದೀಪಾವಳಿಗ್ ಬಪ್ಕೆ ನೋಡ್ತೆ ಅಂತೇಳಿ ಇತ್ತ್, ಅಣ್ಣಯ್ಯ ಅಡಿಯ ಸಾಲ್ ಬಿಟ್ಟಿದ ಅಂದೆ."

"ನಾನ್ ಸಾಲ್ ಬಿಟ್ಟಿದ್ನಾ?"

"ಮತ್ತೆಂತ ಹೇಳುದ್? ನೀನ್ ಬಿ.ಎ. ಅಲ್ದಾ, ಅವಸರದಂಗೆ ಬಿಟ್ಟ ಅಂದ್ರೆ ಯಾರಾರೂ ನಂಬ್ತ್ರ್."

ನನಗೆ ಬೇಕಾದ ಆಯುಧ ಸಿಕ್ಕಿತು. ಇತಿಹಾಸ ಓದುವವರಿಗೆ ಮೊದಲ ಪಾಠ ಆಕರ ಪರೀಕ್ಷೆ. ಅಕ್ಷತಾಳ ಆರು ಪುಟವೂ ಒಬ್ಬ ಸುಳ್ಳುಗಾತಿಯ ಮೇಲೆ ನಿಂತಿದೆ! ಒಂದು ಮಾತು ಹೇಳಿದರೆ ಸಾಕು, ಅಧ್ಯಾಯ ಬೀಳುತ್ತದೆ, ಗಿರಿಜಳೂ ಬೀಳುತ್ತಾಳೆ. ಅಡಿಟಿಪ್ಪಣಿಯವನು ಮೇಲೆ ಬಂದರೂ ಬಂದಾನು. ಸ್ವಂತ ತಂಗಿ ಎಂಬ ಸಂಕೋಚ ನನಗೆ ಆಗಲಿಲ್ಲವೆಂದಲ್ಲ. ಆದರೆ ಅದು ಬರುವುದು ಸ್ವಲ್ಪ ನಿಧಾನ, ಅಷ್ಟರಲ್ಲಿ ನಾನು ಬೇಲಿ ದಾಟಿಯಾಗಿತ್ತು.

ಎಲ್ಲ ಕೇಳಿ ಅಕ್ಷತಾ ಕರಡನ್ನು ನನ್ನತ್ತ ತಳ್ಳಿದಳು. "ಮಾವ, ನೀವ್ ಇದ್ನ ಓದ್ಲಿಲ್ಯಾ?"

ಓದಿರಲಿಲ್ಲ. ನನ್ನ ಹೆಸರು ಎಲ್ಲೆಲ್ಲಿದೆ ಎಂದು ಹುಡುಕಿದ್ದೆ, ಅಷ್ಟೇ.

"ಪದ್ದಕ್ಕ ಪೆಟ್ಗೆಯಿಂದ ಅಷ್ಟೂ ಕಾಗ್ದ ತೆಗ್ದ್ ಕೊಟ್ಟಿರ್. ಅವ್ರ್ ಬಾಯಂಗೆ ಇಪ್ಪುದೇ ಒಂದ್, ಕಾಗ್ದದಂಗೆ ಇಪ್ಪುದೇ ಒಂದ್. ಆರ್ ಪುಟ ಬರ್ದದ್ದ್ ಅದ್ನೇ ಅಲ್ದಾ."

ಇಪ್ಪತ್ತು ವರ್ಷದ ಹುಡುಗಿ! ನಾನು ಎಂ.ಎ.ಯಲ್ಲಿ ಇಂಥದೊಂದು ಪುಟ ಬರೆದಿದ್ದರೆ, ಎಂಬ ಯೋಚನೆಯನ್ನು ಅಲ್ಲಿಗೇ ಬಿಟ್ಟು ಕೇಳಿದೆ, "ಪದ್ದಕ್ಕಂಗ್ ಹೇಳ್ದ್ಯಾ?" ಇಷ್ಟು ವರ್ಷ ಕಾಲುನೋವು ವಿಚಾರಿಸಿದ್ದು ಗಂಡನಲ್ಲ ಎಂದು ಈ ವಯಸ್ಸಿನಲ್ಲಿ ತಿಳಿದರೆ ಆ ಜೀವಕ್ಕೆ ಹೇಗಾದೀತು ಎಂದು ಆಗ ನಿಜವಾಗಿಯೂ ಹೆದರಿಕೆಯಾಯಿತು.

"ಹೇಳುಕ್ ನಂಗೂ ಹೆದ್ರ್ಕೆ ಆಯಿತ್ತ್. ಕಡಿಗ್ ಅವ್ರೇ ಹೇಳ್ರ್. 'ಗಿರಿಜ ಓದುವತಿಗೆ ಅದ್ರ್ ಕಣ್ಣ್ ಕಾಗ್ದದ್ ಮೇಲ್ ಇರ್ತಿರ್ಲಿಲ್ಲ ಹೆಣೆ, ನನ್ ಮುಖದ್ ಮೇಲ್ ಇರ್ತಿತ್ತ್. ನಂಗ್ ಗೊತ್ತಾಪ್ದಿಲ್ಯಾ? ಗೊತ್ತಿದ್ದೇ ಕರಿತಿದ್ದೆ.'"

ಇನ್‌ಲ್ಯಾಂಡು ನೆನಪಾಯಿತು, ಜಗಲಿ ನೆನಪಾಯಿತು. ಅಂದು ಪದ್ದಕ್ಕನ ಮುಖ ಹೇಗಿತ್ತೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಇದು ಮರೆವಲ್ಲ. ನಾನು ನೋಡಿಯೇ ಇರಲಿಲ್ಲ.

"ಆ ಅಡಿಟಿಪ್ಪಣಿ ತೆಗೂಕಾ ಮಾವ? ನಿಮ್ಗ್ ಬೇಜಾರಾತಾ?" ಅಕ್ಷತಾ ಮೆಲ್ಲಗೆ ಕೇಳಿದಳು.

"ಇರ್ಲಿ ಹೆಣೆ. ಒಂದ್ ಮಾತ್ ಸೇರ್ಸ್, ಅಂವ ಒಂದ್ ಸಾಲೂ ಬಿಡ್ದೆ ಓದ್ದ ಅಂತೇಳಿ."

ಅವಳು ಪೆನ್ನು ತೆಗೆದವಳು ತಡೆದಳು. "ಅದ್ಕ್ ಸಾಕ್ಷಿ ಯಾರ್ ಮಾವ?"

ಸಾಕ್ಷಿ ಒಬ್ಬನೇ ಇದ್ದಾನೆ. ಅವನ ಮಾತನ್ನು ಪೂರ್ತಿ ನಂಬಿಕೊಂಡು ಪ್ರಾಜೆಕ್ಟು ಮಾಡಬೇಡ ಎಂದು ಹೇಳಿ ಎದ್ದು ಬಂದೆ.